ಕಾಂಪೌಂಡಿನಲ್ಲಿ ಹತ್ತೊಂಬತ್ತು ಅಡಿ ಅಮೆರಿಕ

ಮೋಸ ಮಾಡಬೇಕಾದಾಗ ಸತ್ಯದಷ್ಟು ಅನುಕೂಲವಾದ ಸಾಧನ ಬೇರೆ ಇಲ್ಲ. ಸುಳ್ಳಾದರೆ ನೆನಪಿಟ್ಟುಕೊಳ್ಳಬೇಕು, ಅದಕ್ಕೊಂದು ಸಾಕ್ಷಿ ಹೊಂದಿಸಬೇಕು, ಮುಖವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಬೇಕು. ಸತ್ಯಕ್ಕೆ ಈ ಯಾವ ಉಪಚಾರವೂ ಬೇಡ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೇಳಿದರೆ ಸಾಕು. ನಾನು ಇದುವರೆಗೆ ಮಾಡಿರುವ ಒಂದೇ ಒಂದು ದೊಡ್ಡ ಮೋಸವನ್ನು ಹೀಗೆ ಅಪ್ಪಟ ಸತ್ಯದಿಂದಲೇ ಮಾಡಿದೆ. ಮೋಸಹೋಗಬೇಕಿದ್ದವರು ನನ್ನ ಅಪ್ಪ. ಕಾರಣ, ನಮ್ಮಲ್ಲಿದ್ದ ಒಂದು ಅಮೆರಿಕನ್ ಕಾರು. ಡೊಂಬಿವಲಿಯ ಎರಡು ಕೋಣೆಯ ಮನೆಯವರಿಗೆ ಅಮೆರಿಕನ್ ಕಾರು ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ನಮ್ಮಮ್ಮನೂ ಅದನ್ನೇ ಕೇಳಿದ್ದರು.

ಅಪ್ಪ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್. ಕಬ್ಬಿಣದ ಯಾವ ತುಂಡನ್ನು ಕಂಡರೂ ಅದರೊಳಗೆ ಇನ್ನೇನೋ ಅಡಗಿದೆ ಎಂದು ನಂಬುವ ಜಾತಿ. ಒಂದು ಭಾನುವಾರ ಬೆಳಿಗ್ಗೆ ಅಮ್ಮ ಅವರನ್ನು ದೋಸೆ ಹಿಟ್ಟು ರುಬ್ಬುವ ವಿದ್ಯುತ್ ಗ್ರೈಂಡರ್ ತರಲು ಠಾಣೆಗೆ ಕಳಿಸಿದರು. ಅಲ್ಲಿ ಒಂದು ಹಳೆಯ ಬಂಗಲೆಯ ಹುಣಸೆಮರದ ಕೆಳಗೆ, ಯಾವುದೋ ಕಾಲದಲ್ಲಿ ಯಾರೋ ವಿದೇಶೀ ಅಧಿಕಾರಿ ಬಿಟ್ಟುಹೋದ ಕಾರು ನಿಂತಿತ್ತು. ಆಗಷ್ಟೇ ಪೆಟ್ರೋಲಿನ ಬೆಲೆ ಏರಿ, ಊರಿನ ದೊಡ್ಡ ಕಾರುಗಳಿಗೆಲ್ಲ ಹೊಟ್ಟೆಗಿಲ್ಲದ ಕಾಲ ಬಂದಿತ್ತು. ಬಂಗಲೆಯವರು ಅದನ್ನು ಯಾರಾದರೂ ಒಯ್ದರೆ ಸಾಕು ಎನ್ನುವ ಸ್ಥಿತಿಯಲ್ಲಿದ್ದರು. ಸಂಜೆ ಅಪ್ಪ ಕಾರ್ಖಾನೆಯ ಟ್ರಕ್ಕಿನ ಹಿಂದೆ ಹಗ್ಗ ಕಟ್ಟಿ ಅದನ್ನು ಎಳೆಸಿಕೊಂಡು ಬಂದಾಗ ಬಿಲ್ಡಿಂಗಿನ ಮೂರೂ ಮಾಳಿಗೆಯವರು ಗ್ಯಾಲರಿಯಲ್ಲಿ ನಿಂತಿದ್ದರು. ನಮ್ಮ ಮನೆಯಲ್ಲಿ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ. ಅಮ್ಮ ಕಾರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಗ್ರೈಂಡರ್ ಎಲ್ಲುಂಟು? ಡಿಕ್ಕಿಯಲ್ಲಾ?" ಎಂದು ಕೇಳಿದರು. ಮುಂದಿನ ಆರು ವರ್ಷ, ಪ್ರತಿ ಸಲ ರುಬ್ಬುಗುಂಡಿಗೆ ಕೈ ಹಾಕುವಾಗಲೂ ಇದೇ ಪ್ರಶ್ನೆಯನ್ನು ಕೇಳುತ್ತಿದ್ದರು.

ಕಾರಿನ ಉದ್ದ ಹತ್ತೊಂಬತ್ತು ಅಡಿ. ಇದು ಅಂದಾಜಲ್ಲ, ನಾನೇ ಟೇಪು ಹಿಡಿದು ಅಳೆದದ್ದು. ನಮ್ಮ ಎರಡು ಕೋಣೆಗಳನ್ನು ಒಂದರ ಹಿಂದೆ ಒಂದು ಇಟ್ಟರೆ ಇಪ್ಪತ್ತು ಅಡಿ. ಹಿಂಬದಿಯಲ್ಲಿ ಮೀನಿನ ರೆಕ್ಕೆಯಂಥ ಎರಡು ರೆಕ್ಕೆಗಳು, ಮುಂದೆ ಹಲ್ಲುಬಿಟ್ಟ ಕ್ರೋಮಿಯಂ. ಕ್ರೋಮಿಯಂ ಅರ್ಧ ಉದುರಿದ್ದರಿಂದ, ಹಲ್ಲುಸೆಟ್ಟು ಹಾಕಿಕೊಳ್ಳಲು ಮರೆತು ಹೊರಟ ಹಿರಿಯರಂತೆ ಕಾಣುತ್ತಿತ್ತು. ಅದನ್ನು ಮೊದಲಿದ್ದಂತೆ ಮಾಡುತ್ತೇನೆ ಎಂದು ಅಪ್ಪ ಪಣ ತೊಟ್ಟರು. ಜೊತೆಗೆ ಸಿಕ್ಕವನು ಬಸಣ್ಣ. ಬಿಜಾಪುರದ ಕಡೆಯವನು, ಅಪ್ಪನ ಕಾರ್ಖಾನೆಯಲ್ಲೇ ವೆಲ್ಡರ್. ಮೊದಲ ದಿನ ಕಾರಿನ ಬಾಗಿಲು ತೆಗೆದು ಮುಚ್ಚಿ ನೋಡಿ ಅವನು ಹೇಳಿದ: "ಏನ್ ಮಂದಿರಿ ಇವ್ರು! ಇದರ ಬಾಗ್ಲಾ ಒಂದ ಕಳಚಿ ಹೊರಸಿದ್ರ ನಮ್ಮೂರ ಎತ್ತು ಕುಂತಬಿಡತೈತಿ, ಸಾಹೇಬ್ರ."

ಮುಂದಿನ ಮೂರು ವರ್ಷದ ಭಾನುವಾರಗಳು ಆ ಕಾರಿನ ಕೆಳಗೆ ಕಳೆದವು. ಅಮೆರಿಕದಿಂದ ಬಿಡಿಭಾಗ ತರಿಸುವುದು ಆಗದ ಮಾತು. ಆದ್ದರಿಂದ ಅಮೆರಿಕವನ್ನು ಅಂಬರನಾಥದಲ್ಲೇ ತಯಾರಿಸಲಾಯಿತು. ಹೆಡ್‌ಲೈಟಿನ ಸುತ್ತಿನ ಬಳೆ ಇಡ್ಲಿ ಪಾತ್ರೆಯ ಮುಚ್ಚಳದ ಅಂಚಿನಿಂದ ಬಂತು. ಆ ವಿಷಯ ಅಮ್ಮನಿಗೆ ತಿಳಿದದ್ದು ಇಡ್ಲಿ ಬೇಯದಿದ್ದಾಗ. ಒಂದು ಬಾಗಿಲಿನ ಹಿಡಿ ಗೋದ್ರೇಜಿನದಲ್ಲದ ಯಾವುದೋ ಕಪಾಟಿನದು. ಹಾರ್ನು ಲಾರಿಯದು. ಬಣ್ಣದ ಬಗ್ಗೆ ಮಾತ್ರ ಅಪ್ಪ ಯಾರ ಮಾತನ್ನೂ ಕೇಳಲಿಲ್ಲ. ಲೇತ್ ಯಂತ್ರಕ್ಕೆ ಬಳಿಯುವ ಹಸಿರು ಬಣ್ಣವನ್ನೇ ಬಳಿದರು. ಅದು ತಾನು ಇಪ್ಪತ್ತು ವರ್ಷದಿಂದ ಬಲ್ಲ ಬಣ್ಣ, ಎಣ್ಣೆಗೂ ಬೆವರಿಗೂ ಜಗ್ಗದ್ದು ಎಂಬುದು ಅವರ ವಾದ. ಹೀಗೆ ನಮ್ಮ ಕಾರು ಎದುರಿನಿಂದ ನೋಡಿದರೆ ಅಮೆರಿಕ, ಪಕ್ಕದಿಂದ ನೋಡಿದರೆ ಕಾರ್ಖಾನೆ.

ಅದು ಓಡುತ್ತಿತ್ತೇ? ಓಡುತ್ತಿತ್ತು. ಕುಟುಂಬಸಮೇತ ಒಮ್ಮೆ ಠಾಣೆಗೂ ಹೋಗಿಬಂದಿದ್ದೇವೆ. ಸ್ಟಿಯರಿಂಗ್ ಎಡಗಡೆ ಇದ್ದದ್ದರಿಂದ, ಮುಂದಿನ ಗಾಡಿಯನ್ನು ದಾಟುವಾಗ ಅಪ್ಪನಿಗೆ ಎದುರಿನ ರಸ್ತೆ ಕಾಣುತ್ತಿರಲಿಲ್ಲ. ಬಲಗಡೆ ಕೂತ ಅಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ಈಗ ಬೇಡ ಮಾರಾಯ್ರೆ, ಲಾರಿ ಉಂಟು... ಈಗ ಹೋಗಿ... ಅಯ್ಯೋ ಬೇಡ, ಇನ್ನೊಂದುಂಟು!" ಎಂದು ಶೀಳ್ ಫಾಟಾದಿಂದ ಮುಂಬ್ರಾದವರೆಗೆ ಕಾರನ್ನು ಬಾಯಿಯಿಂದಲೇ ನಡೆಸಿದರು. ಠಾಣೆಯಲ್ಲಿ ಸಿಗ್ನಲ್ಲಿನ ಪೊಲೀಸ್ ಬಂದು ನೇರವಾಗಿ ಬಲಗಡೆಯ ಕಿಟಕಿಗೆ ಬಗ್ಗಿ ಅಮ್ಮನ ಬಳಿ ಲೈಸೆನ್ಸ್ ಕೇಳಿದ. ಅಮ್ಮ ತೊಡೆಯ ಮೇಲಿದ್ದ ಮಲ್ಲಿಗೆಯ ಪೊಟ್ಟಣ ತೋರಿಸಿದರು. ಅವರ ಮುಂದೆ ಸ್ಟಿಯರಿಂಗೇ ಇಲ್ಲದ್ದನ್ನು ಕಂಡ ಪೊಲೀಸ್ ಕೈಬೀಸಿ ದಾರಿ ಬಿಟ್ಟ. ವಾಪಸು ಬರುವಷ್ಟರಲ್ಲಿ ಅದು ಕುಡಿದ ಪೆಟ್ರೋಲನ್ನು ಕಂಡು ಅಪ್ಪ ಗಂಭೀರರಾದರು. ಆಮೇಲೆ ಕಾರು ಹೆಚ್ಚಾಗಿ ಕಾಂಪೌಂಡಿನಲ್ಲೇ ಉಳಿಯಿತು. ಬಿಲ್ಡಿಂಗಿನ ಹೆಂಗಸರು ಅದರ ಬಾನೆಟ್ಟಿನ ಮೇಲೆ ಹಪ್ಪಳ, ಸಂಡಿಗೆ ಒಣಗಿಸತೊಡಗಿದರು. ಬೇಸಿಗೆಯಲ್ಲಿ ಸರದಿಯ ಪಟ್ಟಿಯೇ ಇರುತ್ತಿತ್ತು.

ಈಗ ನನ್ನ ವಿಷಯ. ನನಗೆ ನನ್ನ ವಿಷಯ ಹೇಳುವುದು ಇಷ್ಟವಿಲ್ಲ, ಆದರೆ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಎರಡು ಕೋಣೆಯಲ್ಲಿ ನಾವು ಐವರು: ಅಪ್ಪ, ಅಮ್ಮ, ಅಜ್ಜಿ, ತಂಗಿ ಶೈಲಾ, ನಾನು. ಅಲ್ಲಿ ಒಬ್ಬರು ನಿಟ್ಟುಸಿರು ಬಿಟ್ಟರೆ ಉಳಿದ ನಾಲ್ವರು ಕಾರಣ ಕೇಳುತ್ತಿದ್ದರು. ನಾನು ಕೆಲವು ದಿನ ಡೈರಿ ಬರೆದೆ. ಅದರಲ್ಲಿ ಓದುವಂಥದ್ದು ಏನೂ ಇಲ್ಲ ಎಂದು ಶೈಲಾ ಊಟದ ಹೊತ್ತಿಗೆ ಎಲ್ಲರೆದುರು ದೂರಿದಳು. ಕಲ್ಯಾಣದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಹಗಲು ಒಂದು ಶಾಲೆಯಲ್ಲಿ ಪಾಠ ಹೇಳುತ್ತ, ಮನೆಯಲ್ಲೇ ಓದಿಕೊಂಡು ಇಂಗ್ಲಿಷ್ ಎಂ.ಎ. ಪರೀಕ್ಷೆಗೆ ಕಟ್ಟಿದ್ದೆ. ಮನೆಯಲ್ಲೇ ಓದಿಕೊಂಡು ಎನ್ನುವುದು ಅರ್ಜಿಯಲ್ಲಿ ಬರೆದ ಮಾತು. ನಿಜವಾಗಿ ನಾನು ಓದಿದ್ದು ಕಾರಿನಲ್ಲಿ.

ಆ ಕಾರಿನ ಹಿಂದಿನ ಸೀಟು ಆರಡಿ ಉದ್ದದ ಒಂದೇ ಬೆಂಚು. ಕೂತರೆ ಮುಳುಗುತ್ತಿತ್ತು, ಒರಗಿದರೆ ತೇಲುತ್ತಿತ್ತು. ಹಿಂದಿನ ಎರಡು ಬಾಗಿಲುಗಳಲ್ಲಿ ಒಂದು ತೆರೆಯುತ್ತಲೇ ಇರಲಿಲ್ಲ. ಇನ್ನೊಂದು ಒಳಗಿನಿಂದ ಚಿಲಕದ ಗುಬುಟು ಒತ್ತಿದ ಮೇಲೆ ಹೊರಗಿನಿಂದ ಯಾರು ಎಳೆದರೂ ಬರುತ್ತಿರಲಿಲ್ಲ. ಈ ದೋಷವನ್ನು ಸರಿಪಡಿಸಲು ಬಸಣ್ಣ ಮೂರು ಸಲ ಬಂದ. ಮೂರು ಸಲವೂ ನಾನು ಅವನಿಗೆ ಚಹಾ ಕೊಟ್ಟು, ಕಾರ್ಬೊರೇಟರ್ ಕಡೆ ಏನೋ ಸದ್ದು ಬರುತ್ತಿದೆ ಎಂದು ಮುಂದಕ್ಕೆ ಕಳಿಸಿದೆ. ಶಾಲೆಯಿಂದ ಬಂದು, ಕೈಕಾಲು ತೊಳೆದು, ಪುಸ್ತಕ ಹಿಡಿದು ಒಳಗೆ ಕೂತು ಆ ಗುಬುಟು ಒತ್ತಿದಾಗ 'ಟಕ್' ಎಂದು ಒಂದು ಸದ್ದು ಬರುತ್ತಿತ್ತು. ನನ್ನ ಆಯುಷ್ಯದಲ್ಲಿ ನನ್ನದೇ ಎಂಬ ಬಾಗಿಲು ಮುಚ್ಚಿದ ಮೊದಲ ಸದ್ದು ಅದು. ಕತ್ತಲಾದರೂ ತೊಂದರೆ ಇರಲಿಲ್ಲ. ಸೀಟಿನ ಬಲ ಮೂಲೆಯಲ್ಲಿ, ಭುಜದ ಹಿಂದೆ, ಬೆರಳುದ್ದದ ಒಂದು ದೀಪವಿತ್ತು. "ಅಮೆರಿಕದವರು ನೋಡು, ಹಿಂದೆ ಕೂತವರಿಗೆ ಓದುವುದಕ್ಕೂ ದೀಪ ಇಟ್ಟಿದ್ದಾರೆ. ಬಲ್ಬ್ ಹೋಗಿತ್ತು, ಹಾಕಿದೆ ಅಷ್ಟೆ," ಎಂದಿದ್ದರು ಅಪ್ಪ. ಆ ದೇಶದ ಬಗ್ಗೆ ನನಗೆ ಇದ್ದ ಗೌರವವೆಲ್ಲ ಆ ದೀಪದ ಮೂಲಕ ಬಂದದ್ದು.

ಎಂ.ಎ. ಎರಡನೆಯ ಭಾಗದ ಪರೀಕ್ಷೆಗೆ ಇನ್ನು ನಾಲ್ಕು ತಿಂಗಳಿತ್ತು. ಜೂನ್ ತಿಂಗಳ ಒಂದು ಭಾನುವಾರ ಸೊಸೈಟಿಯ ಚೇರ್‌ಮನ್ ಕುಳಕರ್ಣಿಯವರು ಮನೆಗೆ ಬಂದರು. ಆ ವರ್ಷ ನಮ್ಮ ಬಿಲ್ಡಿಂಗಿನಲ್ಲಿ ಮೊದಲ ಸಲ ಸಾರ್ವಜನಿಕ ಗಣಪತಿ ಕೂರಿಸುವುದೆಂದು ತೀರ್ಮಾನವಾಗಿತ್ತು. ಮಂಟಪಕ್ಕೆ ಇದ್ದದ್ದು ಒಂದೇ ಜಾಗ. ಆ ಜಾಗದಲ್ಲಿ ಇದ್ದದ್ದು ನಮ್ಮ ಅಮೆರಿಕ. ಅಪ್ಪ ಏನೋ ಹೇಳಲು ಹೊರಟರೆ ಕುಳಕರ್ಣಿಯವರು, ಗಣಪತಿ ಕೂರುವುದಾದರೂ ಎಲ್ಲಿ ಎಂಬಂತೆ ಕೈಮುಗಿದು, ಮರಾಠಿಯಲ್ಲಿ, "ಅಹೋ, ಮಗ ಬಾಪ್ಪಾ ಬಸಣಾರ ಕುಠೇ? ತುಮಚ್ಯಾ ಡಿಕ್ಕೀತ?" ಎಂದರು. ಗಣಪತಿಯನ್ನು ಡಿಕ್ಕಿಯಲ್ಲಿ ಕೂರಿಸಿ ಎನ್ನುವ ಧೈರ್ಯ ಯಾರಿಗಿದೆ? ಡಿಕ್ಕಿಯಲ್ಲಿ ಅಷ್ಟು ಜಾಗವಿತ್ತು ಎನ್ನುವುದು ಬೇರೆ ವಿಷಯ. ಚೌತಿಯೊಳಗೆ ಕಾರು ಮಾರುತ್ತೇನೆ ಎಂದು ಅಪ್ಪ ಮಾತುಕೊಟ್ಟರು. ಮಾತು ಕೊಡುವಾಗ ಅವರು ನನ್ನ ಕಡೆ ನೋಡಲಿಲ್ಲ. ಶೈಲಾ ಮಾತ್ರ ನೋಡಿದಳು. ಅವಳು ಕನ್ನಡ, ತುಳು ಎರಡೂ ತಿಳಿಯುವ, ಆದರೆ ಉತ್ತರವನ್ನು ಹಿಂದಿಯಲ್ಲೇ ಕೊಡುವ ತಲೆಮಾರಿನವಳು. "ಅಬ್ ತೂ ಕಿಧರ್ ಬೈಠೇಗೀ ಅಕ್ಕಾ? ಕುಕ್ಕರ್ ಮೇ?" ಎಂದಳು.

ಎರಡು ದಿನದ ಮೇಲೆ ಅಪ್ಪ ನನ್ನನ್ನು ಕರೆದು, "ಪೇಪರಿಗೆ ಒಂದು ಜಾಹೀರಾತು ಬರಿ. ನೀನು ಇಂಗ್ಲಿಷ್ ಓದಿದವಳಲ್ವಾ. ಗಾಡಿ ಹೇಗುಂಟೋ ಹಾಗೆ ಬರಿ," ಎಂದರು. ಹೇಗುಂಟೋ ಹಾಗೆ! ನನ್ನ ಮೋಸಕ್ಕೆ ಅವರೇ ಅನುಮತಿ ಕೊಟ್ಟಂತಾಯಿತು. ಕಾರು ಮಾರುವ ಜಾಹೀರಾತುಗಳ ಭಾಷೆ ನನಗೆ ಗೊತ್ತಿತ್ತು. ಅಲ್ಲಿ ಪ್ರತಿ ಕಾರನ್ನೂ ಒಬ್ಬರೇ ಡಾಕ್ಟರು ಓಡಿಸಿರುತ್ತಾರೆ. ಅವರು ಯಾವಾಗಲೂ ವಿದೇಶಕ್ಕೆ ಹೊರಟಿರುತ್ತಾರೆ. ಕಾರು ಹೊಸದಕ್ಕಿಂತ ಒಂದು ಕೈ ಮೇಲಾಗಿರುತ್ತದೆ. ನಾನು ಮಾತ್ರ ಎರಡು ಸಂಜೆ ಹಿಂದಿನ ಸೀಟಿನಲ್ಲೇ ಕೂತು, ಆ ದೀಪದ ಬೆಳಕಿನಲ್ಲೇ, ಸತ್ಯವನ್ನು ಬರೆದೆ. ಇಂಗ್ಲಿಷಿನಲ್ಲಿದ್ದದ್ದು ಕನ್ನಡದಲ್ಲಿ ಹೀಗಾಗುತ್ತದೆ: 'ಅಮೆರಿಕನ್ ಕಾರು ಮಾರಾಟಕ್ಕಿದೆ. ಹತ್ತೊಂಬತ್ತು ಅಡಿ. ಸ್ಟಿಯರಿಂಗ್ ಎಡಕ್ಕೆ, ಎದುರಿನ ರಸ್ತೆ ನೋಡಲು ಪ್ರತ್ಯೇಕ ವ್ಯಕ್ತಿ ಬೇಕು. ಬಣ್ಣ ಯಂತ್ರದ್ದು, ಹಾರ್ನು ಲಾರಿಯದು, ಹೆಡ್‌ಲೈಟಿನ ಬಳೆ ಅಡುಗೆಮನೆಯದು. ಮೂರನೆಯ ಗೇರು ಮಳೆಗಾಲದಲ್ಲಿ ಬೀಳುವುದಿಲ್ಲ. ಹಿಂದಿನ ಎಡ ಬಾಗಿಲು ತೆರೆಯುವುದಿಲ್ಲ, ಬಲ ಬಾಗಿಲು ಒಳಗಿನವರ ಇಚ್ಛೆಯಂತೆ. ಬಾನೆಟ್ ಮೇಲೆ ಹಪ್ಪಳದ ಗುರುತುಗಳಿವೆ. ಮೂಲದಲ್ಲಿದ್ದಂತೆಯೇ ಉಳಿದಿರುವುದು ಹಿಂದಿನ ಸೀಟು ಮತ್ತು ಅದರ ಓದುವ ದೀಪ ಮಾತ್ರ.' ಒಂದು ಅಕ್ಷರ ಸುಳ್ಳಿರಲಿಲ್ಲ. ಇದನ್ನು ಓದಿ ಕಾರು ಕೊಳ್ಳುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂಬ ನೆಮ್ಮದಿಯಿಂದ ಅಪ್ಪನಿಗೆ ಕೊಟ್ಟೆ. ಅವರು ಎರಡು ಸಲ ಓದಿ, "ಉದ್ದ ಆಯ್ತು," ಎಂದಷ್ಟೇ ಹೇಳಿ ಮಡಚಿ ಜೇಬಿಗಿಟ್ಟುಕೊಂಡರು.

ಮೊದಲು ಬಂದವನು ಸಿನಿಮಾದವರಿಗೆ ಸಾಮಾನು ಬಾಡಿಗೆಗೆ ಕೊಡುವವನು. ಜಾಹೀರಾತನ್ನು ಅವನು ಮೊದಲ ಸಾಲಿನ ಆಚೆ ಓದಿರಲಿಲ್ಲ. ಅವನಿಗೆ ಕ್ಲೈಮ್ಯಾಕ್ಸಿನಲ್ಲಿ ಗುಡ್ಡದಿಂದ ಉರುಳಿಸಲು ದೊಡ್ಡದೊಂದು ಕಾರು ಬೇಕಿತ್ತು. ಅಪ್ಪ ಕೇಳಿದರು, "ಆಮೇಲೆ?" "ಆಮೇಲೆ ಏನು ಸಾಬ್, ಆಗ್ ಲಗೇಗೀ. ಖತಂ." ಅಪ್ಪ ಎದ್ದುನಿಂತು ಅವನಿಗೆ ಸ್ಟೇಷನ್ನಿನ ದಾರಿ ತೋರಿಸಿದರು. ಎರಡನೆಯವರು ಕಲ್ಯಾಣದ ಮದುವೆ ಬ್ಯಾಂಡಿನವರು. ಮದುಮಗ ನಿಂತುಕೊಂಡು ಕೈಮುಗಿಯಲು ಅನುಕೂಲವಾಗುವಂತೆ ಕಾರಿನ ಚಾವಣಿಯನ್ನು ಗರಗಸದಿಂದ ಕತ್ತರಿಸುವುದು ಅವರ ಯೋಜನೆ. ಬಸಣ್ಣ ಎದೆಯ ಮೇಲೆ ಕೈ ಕಟ್ಟಿ ಕಾರಿಗೆ ಅಡ್ಡ ನಿಂತ. "ಮೂರು ವರ್ಷ ಬೆಸದೀನ್ರಿ ಇದನ್ನ. ಕತ್ತರಸೂದಿದ್ರ ಮದ್ಲ ನನ್ನ ಕತ್ತರಸ್ರಿ." ಬ್ಯಾಂಡಿನವರು ಅವನ ತೋಳಿನ ಗಾತ್ರ ನೋಡಿ ಹೊರಟುಹೋದರು. ನಾನು ಒಳಗೊಳಗೇ ಗೆಲ್ಲುತ್ತಿದ್ದೆ. ಚೌತಿಗೆ ಒಂದು ತಿಂಗಳು ಉಳಿದಿತ್ತು. ಕೊಳ್ಳುವವರೇ ಇಲ್ಲವೆಂದರೆ ಗಣಪತಿಯೇ ಬೇರೆ ಜಾಗ ನೋಡಿಕೊಳ್ಳುತ್ತಾನೆ ಎಂದುಕೊಂಡು, ನಿಶ್ಚಿಂತೆಯಿಂದ ನಾಲ್ಕನೆಯ ಪೇಪರಿನ ಟಿಪ್ಪಣಿ ಮಾಡತೊಡಗಿದೆ.

ಮೂರನೆಯ ಭಾನುವಾರ ಪಿಂಟೊ ಬಂದರು. ಮಂಗಳೂರಿನವರು, ಠಾಣೆಯಲ್ಲಿ ಗ್ಯಾರೇಜು. ಹಳೆಯ ವಿದೇಶೀ ಕಾರುಗಳನ್ನು ಕೊಂಡು, ದುರಸ್ತಿ ಮಾಡಿ, ಅಲಂಕರಿಸಿ, ಶೋಕಿದಾರರಿಗೆ ಮಾರುವುದೇ ಅವರ ಕಸುಬು. ಅಂಗಿಯ ಜೇಬಿನಿಂದ ನನ್ನ ಜಾಹೀರಾತಿನ ತುಣುಕು ತೆಗೆದರು. ಅದರಲ್ಲಿ ಪ್ರತಿ ವಾಕ್ಯದ ಕೆಳಗೂ ಪೆನ್ಸಿಲಿನ ಗೆರೆ. "ಯಾರು ಬರೆದದ್ದು ಮಾರಾಯ್ರೆ ಇದು? ಮೂವತ್ತು ವರ್ಷ ಆಯ್ತು ನಾನು ಗಾಡಿ ನೋಡ್ಲಿಕ್ಕೆ ಹೋಗುವುದು. ಹೋದಲ್ಲೆಲ್ಲ ಸುಳ್ಳು. ಗಾಡಿಯ ಕಾಯಿಲೆ ಇಷ್ಟು ಚಂದ ಬರೆದವರನ್ನು ನಾನು ನೋಡ್ಲೇ ಇಲ್ಲ. ಹೆಂಡತಿಗೆ ಓದಿ ಹೇಳಿದೆ. ಅವಳು, ಇವರ ಗಾಡಿ ಕಣ್ಣು ಮುಚ್ಚಿ ತಗೊಳ್ಳಿ ಅಂದ್ಲು."

"ನನ್ನ ಮಗಳು," ಎಂದರು ಅಪ್ಪ. ಅವರ ದನಿಯಲ್ಲಿ ಇದ್ದ ಹೆಮ್ಮೆಯನ್ನು ಕೇಳಿ ನನಗೆ ಬಾನೆಟ್ಟಿನ ಕೆಳಗೆ ಹೋಗಿ ಕೂರೋಣ ಅನಿಸಿತು.

ಪಿಂಟೊ ತುಣುಕನ್ನು ಕೈಯಲ್ಲಿ ಹಿಡಿದುಕೊಂಡೇ ಪರೀಕ್ಷೆಗೆ ತೊಡಗಿದರು. ಗೇರು ಸರಿ. ಹಾರ್ನು ಸರಿ. ಹೆಡ್‌ಲೈಟಿನ ಬಳೆಯನ್ನು ಉಗುರಿನಿಂದ ತಟ್ಟಿ, "ಇಡ್ಲಿಯದ್ದು, ಅಲ್ವಾ?" ಎಂದು ಮೆಚ್ಚಿದರು. ಅಮ್ಮ ಅಡುಗೆಮನೆಯ ಕಿಟಕಿಯಿಂದಲೇ "ಹೌದು!" ಎಂದರು. ಕೊನೆಗೆ ಹಿಂದಿನ ಸೀಟಿಗೆ ಬಂದು, ಒಳಗೆ ಬಗ್ಗಿ, ದೀಪದ ಗುಂಡಿ ಒತ್ತಿ ನೋಡಿ, ತಲೆ ಹೊರಗೆ ತೆಗೆದರು. "ಒಂದು ತಪ್ಪುಂಟು ನಿಮ್ಮ ಜಾಹೀರಾತಿನಲ್ಲಿ. ಈ ಮಾಡೆಲ್ಲಿಗೆ ಹಿಂದೆ ದೀಪ ಬರುವುದೇ ಇಲ್ಲ. ಇದು ಮೂಲದ್ದಲ್ಲ."

ನನ್ನ ಬರಹದಲ್ಲಿ ತಪ್ಪು ಹಿಡಿದರೆ ನಾನು ಸುಮ್ಮನಿರುವವಳಲ್ಲ, ಉಳಿದೆಲ್ಲದಕ್ಕೂ ಸುಮ್ಮನಿರುತ್ತೇನೆ. "ಮೂಲದ್ದೇ," ಎಂದೆ. "ಬಲ್ಬ್ ಮಾತ್ರ ಬದಲಿಸಿದ್ದು. ಅಪ್ಪನನ್ನು ಕೇಳಿ."

ಅಪ್ಪ ಟೈರಿನ ಗಾಳಿ ನೋಡಲು ಬಗ್ಗಿದ್ದರು. ಗಾಳಿ ಬಹಳ ಹೊತ್ತು ನೋಡಿದರು. ಬಸಣ್ಣನೇ ಬಾಯಿ ಬಿಟ್ಟ. "ಇಲ್ರಿ ಅಕ್ಕಾರ. ಅದು ನಮ್ಮ ಕಾರ್ಖಾನಿ ಮಷಿನ್ ದೀಪರಿ. ನೀವು ಗಾಡ್ಯಾಗ ಬೀದಿ ಕಂಬದ ಬೆಳಕಿಗೆ ಪುಸ್ತಕ ಹಿಡಕೊಂಡು ಕುಂತಿದ್ರಲ್ಲ, ಆ ವರ್ಷ ಸಾಹೇಬ್ರು ಹಾಕ್ಸಿದ್ರು. ಹುಡುಗಿಗಿ ಹೇಳಬ್ಯಾಡ, ಆಕಿ ಸಲುವಾಗಿ ಹಾಕಿದ್ದು ಅಂತ ತಿಳಿದ್ರ ಅಲ್ಲೂ ಕೂಡೂದ ಬಿಟ್ಟಾಳು ಅಂದಿದ್ರು. ಆ ಬಾಗ್ಲದ ಗುಬುಟಾನೂ ಹಂಗ ಬಿಡಂತ ಅವ್ರ ಹೇಳಿದ್ರಿ. ನೀವು ಪ್ರತೀ ಸಲ ಚಾ ಕೊಟ್ಟು ಮುಂದ ಕಳಸ್ತಿದ್ರಿ. ನಾ ಚಾ ಸಲುವಾಗೇ ಬರ್ತಿದ್ನಿ."

ಎರಡು ವರ್ಷ ನಾನು ಅಮೆರಿಕಕ್ಕೆ ಸಲ್ಲಿಸಿದ ಕೃತಜ್ಞತೆಯೆಲ್ಲ ತಪ್ಪು ವಿಳಾಸಕ್ಕೆ ಹೋಗಿತ್ತು. ಬಾಗಿಲು ಹಾಕಿಕೊಂಡು ಒಬ್ಬಳೇ ಇರಬೇಕೆಂಬ ನನ್ನ ಗುಟ್ಟು ಮನೆಮಂದಿಗೆಲ್ಲ ಗೊತ್ತಿತ್ತು; ಗೊತ್ತಿಲ್ಲದಂತೆ ಇರುವುದನ್ನು ಐದು ಜನರ ಆ ಮನೆ ನನಗಾಗಿ ಕಲಿತಿತ್ತು. ನಾನು ಬರೆದ ಜಾಹೀರಾತಿನ ಉದ್ದೇಶ ಅಪ್ಪನಿಗೆ ತಿಳಿದಿರಲಿಲ್ಲವೇ? ತಿಳಿದೇ ಜೇಬಿಗಿಟ್ಟುಕೊಂಡಿದ್ದರು. ಅವರಿಗೂ ಅದನ್ನು ಮಾರುವ ಮನಸ್ಸಿರಲಿಲ್ಲ. ನಾವಿಬ್ಬರೂ ಸೇರಿ ಮಾಡಿದ ಮೋಸವನ್ನು ಒಬ್ಬ ಪ್ರಾಮಾಣಿಕ ಮನುಷ್ಯ ಬಂದು ಕೆಡಿಸಿದ್ದ.

ವ್ಯವಹಾರ ಮುಗಿಯಿತು. ಪಿಂಟೊ ಕಾರನ್ನು ಏನೇನು ಮಾಡಲಿದ್ದೇನೆ ಎಂದು ವಿವರಿಸತೊಡಗಿದರು: ಮೈಗೆ ಕೆನೆ ಬಣ್ಣ, ರೆಕ್ಕೆಗೆ ಕೆಂಪು, ಸ್ಟಿಯರಿಂಗ್ ಬಲಕ್ಕೆ, ಒಳಗೆಲ್ಲ ಹೊಸ ರೆಕ್ಸಿನ್. "ಈ ಹಳೇ ಸೀಟೆಲ್ಲ ಬಿಸಾಡುವುದು," ಎಂದರು. ಆಗ ನಾನು, ಪರಿಚಯವಿಲ್ಲದವರೆದುರು ಕೇಳದೆ ಮಾತಾಡದ ನಾನು, "ಹಿಂದಿನ ಸೀಟು ನಮಗೆ ಬೇಕು. ದೀಪವೂ," ಎಂದುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಪಿಂಟೊ ನಕ್ಕು, "ಜಾಹೀರಾತು ಬರೆದದ್ದಕ್ಕೆ ಅದು ನಿಮ್ಮ ಸಂಬಳ," ಎಂದರು.

ಬಸಣ್ಣ ಸೀಟು, ದೀಪ ಎರಡನ್ನೂ ಬಿಚ್ಚಿಕೊಟ್ಟ. ಕಾರು ಗೇಟು ದಾಟುವಾಗ ಅಪ್ಪ ಮನೆಯೊಳಗೆ ಹೋಗಿ ರೇಡಿಯೊದ ಕಿವಿ ತಿರುಗಿಸುತ್ತ ಕೂತರು, ರೇಡಿಯೊ ಹಚ್ಚಿರಲಿಲ್ಲ. ಮರುವಾರ ಅಮ್ಮನಿಗೆ ಗ್ರೈಂಡರ್ ಬಂತು. ಅಮ್ಮ ಅದನ್ನು ಈ ಬದಿ ಆ ಬದಿ ತಿರುಗಿಸಿ ನೋಡಿ, "ಇದರಲ್ಲಿ ಠಾಣೆಗೆ ಹೋಗ್ಲಿಕ್ಕೆ ಆಗ್ತದಾ?" ಎಂದು ಕೇಳಿದರು. ನನಗೆ ಅರ್ಥವಾಯಿತು, ಕಾರು ಹೋದದ್ದು ಅವರ ಮನಸ್ಸಿಗೂ ನಾಟಿತ್ತು.

ಸೀಟು ಮನೆಯೊಳಗೆ ಬಂದ ಮೇಲೆ ನಾನು ಮಾಡಿಕೊಂಡ ಲೆಕ್ಕಾಚಾರ ಎಷ್ಟು ತಪ್ಪು ಎಂದು ತಿಳಿಯಿತು. ನಾನು ಕೇಳಿದ್ದು ಏಕಾಂತ, ಬಂದದ್ದು ಸೋಫಾ. ಡೊಂಬಿವಲಿಯ ನಮ್ಮ ಬೀದಿಯಲ್ಲಿ ಅಷ್ಟು ಮೆತ್ತಗಿನ ಆಸನ ಇನ್ನೊಂದಿರಲಿಲ್ಲ. ಅಜ್ಜಿ ಬೆಳಿಗ್ಗೆ ಎಂಟಕ್ಕೆ ಅದರ ಎಡ ಮೂಲೆ ಹಿಡಿದರೆ ಮಧ್ಯಾಹ್ನ ಊಟಕ್ಕೂ ಏಳುತ್ತಿರಲಿಲ್ಲ. ಹಪ್ಪಳದ ಹೆಂಗಸರು, ಬಾನೆಟ್ ಹೋದ ದುಃಖ ತೋಡಿಕೊಳ್ಳಲು ಬಂದವರು, ಅದರ ಮೇಲೆ ಕೂತು ಆ ದುಃಖವನ್ನೇ ಮರೆತರು. ಗಣಪತಿ ಸಮಿತಿಯ ಸಭೆಗಳೆಲ್ಲ ನಮ್ಮಲ್ಲೇ ನಡೆದವು. ಕುಳಕರ್ಣಿಯವರು ಅದರಲ್ಲಿ ಮುಳುಗಿ ಕೂತು, "ಕಾಯ ಸೀಟ ಆಹೇ ಹೋ!" ಎಂದು ಪ್ರತಿ ಸಲವೂ ಹೊಸದಾಗಿ ಬೆರಗಾಗುತ್ತಿದ್ದರು. ನಾನು ಅದರ ಕಾಲ ಬುಡದಲ್ಲಿ ಚಾಪೆ ಹಾಕಿಕೊಂಡು ನೆಲದ ಮೇಲೆ ಕೂತು ಓದಿದೆ. ಪಾಸಾದೆ. ಯಾವ ದರ್ಜೆ ಎನ್ನುವುದು ಖಾಸಗಿ ವಿಷಯ.

ಆಗಾಗ ಆ ಸೀಟನ್ನು ಮಾರಿಬಿಡೋಣ, ನಾನೇ ಜಾಹೀರಾತು ಬರೆಯುತ್ತೇನೆ ಎನ್ನುತ್ತೇನೆ. "ಬೇಡ," ಎನ್ನುತ್ತಾರೆ ಅಪ್ಪ. "ನೀನು ಬರೆದರೆ ಮಾರಾಟ ಆಗಿಬಿಡ್ತದೆ." ಪರೀಕ್ಷೆಗೆ ಮೊದಲೇ ಅವರು ಕಾರ್ಖಾನೆಯಿಂದ ಒಂದು ಹಳೆಯ ಟ್ರಾನ್ಸ್‌ಫಾರ್ಮರ್ ತಂದು, ಆ ಬೆರಳುದ್ದದ ದೀಪವನ್ನು ನನ್ನ ಚಾಪೆಯ ಮೇಲಿನ ಗೋಡೆಗೆ ಸಿಕ್ಕಿಸಿದ್ದರು. ಮೊನ್ನೆ ಮನೆಗೆ ಬಂದ ನೆಂಟರೊಬ್ಬರು, ಇಷ್ಟು ಕೆಳಗೆ, ಮೊಣಕಾಲೆತ್ತರದಲ್ಲಿ ಯಾರಾದರೂ ದೀಪ ಹಾಕುತ್ತಾರೆಯೇ ಎಂದು ಕೇಳಿದರು. "ಬಿಲ್ಡರ್ ಹಾಕಿದ್ದು. ಮೊದಲಿಂದಲೂ ಅಲ್ಲೇ ಉಂಟು," ಎಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ. ತಪ್ಪು ಕಂಡಲ್ಲಿ ತಿದ್ದದೆ ಬಿಡದವಳೆಂದು ನನಗೆ ಹೆಸರಿದೆ. ನೆಂಟರು ನನ್ನ ಮುಖ ನೋಡಿದರು. "ಹೌದು," ಎಂದೆ, "ಮೂಲದ್ದೇ."